ಮೊಣಕಾಲೆತ್ತರದ ಗಣಗಳು

ಚಾಲುಕ್ಯರು ಮಲಪ್ರಭೆಯ ದಂಡೆಯಲ್ಲಿ ಒಂದರ ಪಕ್ಕ ಒಂದು ಗುಡಿ ಕಟ್ಟಿಸುತ್ತಿದ್ದ ಕಾಲ. ಅಲ್ಲಿನ ಕೆಂಪು ಕಲ್ಲಿನ ಕೆಲಸಕ್ಕೆ ಹೆಸರಾದವನು ಮುದುಕ ಮಾರೋಜ. ಅವನ ಶಿಷ್ಯ ಎರೆಯ. ಕೈ ಚುರುಕು, ಸಿಟ್ಟು ಅದಕ್ಕಿಂತ ಚುರುಕು.

ಮಂಟಪದ ಒಳಛಾವಣಿಯಲ್ಲಿ ಕುಣಿಯುವ ಶಿವನನ್ನು ಕಡೆಯಬೇಕೆಂದು ಎರೆಯನಿಗೆ ಆಸೆ. ಗುರು ಕೊಟ್ಟದ್ದು ಗೋಡೆಯ ಬುಡ. ಅಲ್ಲಿ, ಮೊಣಕಾಲೆತ್ತರದಲ್ಲಿ, ಹನ್ನೆರಡು ಶಿವಗಣಗಳ ಸಾಲು. ಡೊಳ್ಳುಹೊಟ್ಟೆಯ ಕುಳ್ಳರು.

"ಇದು ಚೆನ್ನಾಗಿ ಬಂದರೆ ಛಾವಣಿ ನಿನ್ನದು. ಇಲ್ಲದಿದ್ದರೆ ಬೇರೆಯವರದು."

ಎರೆಯ ಗೊಣಗುತ್ತಲೇ ಹನ್ನೆರಡನ್ನೂ ಮುಗಿಸಿದ. ಗುರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದ.

"ಅಳತೆ ಸರಿಯಾಗಿದೆ. ಆದರೆ ಇವರಿಗೆಲ್ಲ ಯಾರು ಬೈದರು?"

ನಿಜ, ಹನ್ನೆರಡು ಗಣಗಳೂ ತುಟಿ ಬಿಗಿದುಕೊಂಡಿದ್ದವು.

"ನಿಂತವರ ಕಣ್ಣಿಗೆ ಇವು ಬೀಳುವುದೇ ಇಲ್ಲ ಗುರುಗಳೇ. ಇಲ್ಲಿ ಬಗ್ಗಿ ಯಾರು ನೋಡುತ್ತಾರೆ?"

ಮಾರೋಜ ತಿರುಗಿ ನೋಡಿದ. ಕೆಲಸದವರಿಗೆ ನೀರು ಹೊರುವ ನಾಗಬ್ಬೆ ಆಗಷ್ಟೇ ಕೊಡ ಇಳಿಸಿದ್ದಳು. ಕಂಕುಳಲ್ಲಿ ಕೂಸು.

"ಕೂಸನ್ನು ಇಲ್ಲಿ ಬಿಡು ತಾಯಿ."

"ಕಲ್ಲುಚೂರು ಚುಚ್ಚುತ್ತದೆ ಅಜ್ಜಾ."

ಮಾರೋಜ ತನ್ನ ಹೆಗಲ ವಸ್ತ್ರದಿಂದ ನೆಲ ಗುಡಿಸಿದ. ಕೂಸು ಅಂಬೆಗಾಲಿಡುತ್ತ ಬಂದು ಮೊದಲ ಗಣದ ಎದುರು ನಿಂತಿತು. ಮುಖಕ್ಕೆ ಮುಖ ಸರಿಸಮ. ಎರಡನೆಯದನ್ನು ನೋಡುವಾಗ ತುಟಿ ಜೋತುಬಿತ್ತು. ಮೂರನೆಯದಕ್ಕೆ ಹೋ ಎಂದು ಅತ್ತುಬಿಟ್ಟಿತು.

ಸುತ್ತಲಿದ್ದವರೆಲ್ಲ ನಕ್ಕರು. ಎರೆಯನ ಮುಖ ಮಾತ್ರ ಬಾಡಿತು. ಛಾವಣಿ ಕೈತಪ್ಪಿತೆಂದೇ ಅವನಿಗನಿಸಿತು.

"ಕಲ್ಲು ಗೋಡೆ ಸೇರಿಯಾಗಿದೆ ಗುರುಗಳೇ. ಇನ್ನೇನು ಮಾಡಲಿ?"

"ನಗುವ ಬಾಯನ್ನು ಮುಚ್ಚಬೇಕಾಗಿದ್ದರೆ ಕಲ್ಲು ಸೇರಿಸಬೇಕಿತ್ತು. ಮುಚ್ಚಿದ್ದನ್ನು ನಗಿಸಲು ಇರುವ ಕಲ್ಲನ್ನು ತೆಗೆದರೆ ಸಾಕು." ಗುರು ಸಣ್ಣ ಉಳಿಯೊಂದನ್ನು ಅವನ ಕೈಗಿಟ್ಟ.

ಎರೆಯ ಮೂರು ದಿನ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಕೆಲಸ ಮಾಡಿದ. ಒಬ್ಬನ ಬಾಯಿ ಕಿವಿಯವರೆಗೆ ಹೋಯಿತು. ಒಬ್ಬನಿಗೆ ಎರಡೇ ಹಲ್ಲು ಉಳಿದವು. ಕೆತ್ತುತ್ತ ಕೆತ್ತುತ್ತ ಅವನೂ ಕಿಸಕ್ಕೆಂದು ನಗತೊಡಗಿದ. ಬಂಡೆ ಎಳೆಯುವವರು, ಇವನು ಯಾರೊಡನೆ ನಗುತ್ತಿದ್ದಾನೆಂದು ಬಗ್ಗಿ ನೋಡಿ ಹೋಗುತ್ತಿದ್ದರು.

ನಾಲ್ಕನೆಯ ದಿನ ಕೂಸು ಮತ್ತೆ ಬಂತು. ಮೊದಲ ಗಣವನ್ನು ದಿಟ್ಟಿಸಿತು. ಅದರ ಬಾಯೊಳಗೆ ಬೆರಳಿಟ್ಟು ಕೇಕೆ ಹಾಕಿತು. ಹನ್ನೆರಡನ್ನೂ ಮಾತಾಡಿಸಿಕೊಂಡು ಹೋಗಿ ತಿರುಗಿ ಬಂತು. ಅದರ ಹಿಂದೆಯೇ ಎರೆಯನೂ ಅಂಬೆಗಾಲಿಡುತ್ತಿದ್ದ. ಅವನ ಸಂತೋಷಕ್ಕೆ ಮಿತಿ ಇರಲಿಲ್ಲ.

"ನಾಳೆ ಅಟ್ಟಣಿಗೆ ಹತ್ತು," ಎಂದ ಮಾರೋಜ. "ಛಾವಣಿ ನಿನ್ನದು."

ಎರೆಯ ಗುರುವಿನ ಕಾಲಿಗೆರಗಿದ. ಎದ್ದು ತಲೆಯೆತ್ತಿ ನೋಡಿದ. ಕಲ್ಲು ಬಹಳ ಎತ್ತರದಲ್ಲಿತ್ತು. ಹಳೆಯ ಪ್ರಶ್ನೆಯೇ ಬಾಯಿಗೆ ಬಂತು, ಆದರೆ ಈ ಸಲ ಅದರಲ್ಲಿ ಗೊಣಗಾಟ ಇರಲಿಲ್ಲ.

"ಗುರುಗಳೇ, ಅಲ್ಲಿ ಯಾರು ನೋಡುತ್ತಾರೆ?"

"ನಾಗಬ್ಬೆ ಮತ್ತೆ ಬಸುರಿ. ಹುಟ್ಟುವ ಕೂಸನ್ನು ಇದೇ ಮಂಟಪದ ನೆರಳಲ್ಲಿ ಅಂಗಾತ ಮಲಗಿಸುತ್ತಾಳೆ."