ಮೂರಡಿ ಎರಡಂಗುಲ

“ಗುರುಗಳೇ, ಹೇಗಿದ್ದೀಯ ಎಂದು ನಾನು ದಿನವೂ ಕೇಳುತ್ತಿದ್ದೆ. ಚೆನ್ನಾಗಿದ್ದೇನೆ ಎಂದು ಅವಳು ದಿನವೂ ಹೇಳುತ್ತಿದ್ದಳು. ಒಳಗೆ ಅಂಥ ಬೇನೆ ಇತ್ತೆಂದು ಅವಳು ಹೋದ ಮೇಲೆ ತಿಳಿಯಿತು. ತಪ್ಪು ಯಾರದು? ಕೇಳಿದ ನನ್ನದೇ, ಹೇಳದ ಅವಳದೇ?”

ಹೆಂಡತಿ ತೀರಿಕೊಂಡು ಐದು ತಿಂಗಳಾಗಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಸರ್ವೇಯರ್ ಇದ್ದ. ಹೊಲಗದ್ದೆಗಳನ್ನು ಅಳೆದು ಗಡಿಕಲ್ಲು ಹಾಕಿಸುವುದು ಅವನ ಕೆಲಸ. ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವನು ಮತ್ತು ಅವನ ತಾಯಿ, ಇಬ್ಬರೇ. ಅಳತೆಯಲ್ಲಿ ಅವನು ಬಲು ಖಚಿತ. ಅವನು ಹಾಕಿಸಿದ ಗಡಿಯನ್ನು ಯಾರೂ ಎರಡನೆಯ ಸಲ ಅಳೆಸಿದ್ದಿಲ್ಲ.

ತಾಯಿಯ ಬೆನ್ನು ಪೂರ್ತಿ ಬಾಗಿತ್ತು. ಮಗನನ್ನು ಓದಿಸಲು ಕಂಡವರ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ಬಾಗಿದ ಬೆನ್ನು. ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ನಿಂತಾಗ ಊರುಗೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಕೈಗಳ ಮೇಲೆ ಗದ್ದ ಊರುತ್ತಿದ್ದಳು. ಹುಟ್ಟಿದ ಊರು, ಸೇರಿದ ಊರು ಬಿಟ್ಟರೆ ಅವಳು ಬೇರೆ ನೆಲ ತುಳಿದವಳಲ್ಲ.

ಸರ್ವೇಯರನಿಗೆ ಊರೂರು ತಿರುಗಿ ಚಿತ್ರ ತೆಗೆಯುವ ಹವ್ಯಾಸವಿತ್ತು. ಕೆಲಸ ಸಿಕ್ಕ ಮೇಲೆ ಅವನು ಮನಸ್ಸಿನಲ್ಲೇ ಒಂದು ಮಾತು ಕೊಟ್ಟುಕೊಂಡ. ತಾನು ನೋಡುವುದನ್ನೆಲ್ಲ ತಾಯಿಗೂ ತೋರಿಸಬೇಕು. ಅಲ್ಲಿಂದ ಮುಂದೆ ಅವನು ಒಬ್ಬನೇ ಎಲ್ಲಿಗೂ ಹೋಗಲಿಲ್ಲ. ಆರು ವರ್ಷಗಳಲ್ಲಿ ಒಂಬತ್ತು ಜಾಗಗಳಿಗೆ ಅವಳನ್ನು ಕರೆದುಕೊಂಡು ಹೋದ. ಮೆಟ್ಟಿಲುಗಳಿದ್ದ ಕಡೆ ಎತ್ತಿಕೊಂಡೂ ಹೋದ.

ಮೊದಲು ಹೋದದ್ದು ಒಂದು ಜಲಪಾತಕ್ಕೆ. ಅಂಚಿನಲ್ಲಿ ಎದೆಮಟ್ಟದ ಕಲ್ಲುಗೋಡೆ ಇತ್ತು. ಅವನು ಕ್ಯಾಮೆರಾ ಕೂರಿಸುವ ಉದ್ದ ಕಾಲಿನ ಟ್ರೈಪಾಡನ್ನು ಗೋಡೆಯ ಬಳಿ ನಿಲ್ಲಿಸಿ, ಸಂಜೆಯ ಬೆಳಕಿಗೆ ಕಾದ. ತಾಯಿ ಅಲ್ಲೇ ಪಕ್ಕದ ಒಂದು ಕಲ್ಲುಗೂಟಕ್ಕೆ ಒರಗಿ ನಿಂತಳು. ಚಿತ್ರ ಒಳ್ಳೆಯದು ಬಂತು. ನೀರು ಹಾಲಿನ ಹಾಗೆ ಇಳಿದಿತ್ತು. ಖುಷಿಯಿಂದ ತಿರುಗಿ ನೋಡಿದರೆ ತಾಯಿ ಕತ್ತು ಓರೆ ಮಾಡಿ ಅವನನ್ನೇ ನೋಡುತ್ತಿದ್ದಳು.

“ನನ್ನ ಮೋರೆ ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತೇ ಅವ್ವಾ? ಅದು ಮನೆಯಲ್ಲೇ ಇರುತ್ತದೆ. ಅತ್ತ ನೋಡು” ಎಂದು ಅವನು ತಮಾಷೆ ಮಾಡಿದ.

ತಾಯಿ ನಕ್ಕು, ಅವನು ಹೇಳಿದ ಕಡೆಗೆ ತಿರುಗಿದಳು. ಬೆಳಕು ಹೋಗುವವರೆಗೂ ಅತ್ತಲೇ ಮುಖ ಮಾಡಿ ನಿಂತಿದ್ದಳು.

ಹೊರಡುವಾಗ ಅವನು ಕೇಳಿದ: “ಕಂಡಿತೇ ಅವ್ವಾ?”

“ಕಂಡೆನಪ್ಪಾ. ಕಣ್ತುಂಬ ಕಂಡೆ.”

ಒಂಬತ್ತು ಜಾಗಗಳಲ್ಲೂ ಅವನು ಹಾಗೆಯೇ ಕೇಳಿದ. ಒಂಬತ್ತು ಸಲವೂ ಅವಳು ಹಾಗೆಯೇ ಹೇಳಿದಳು. ಏಳನೆಯ ವರ್ಷ ತಾಯಿ ಹೋದಳು. ಅವನು ಅತ್ತ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ನೆಮ್ಮದಿಯಿತ್ತು. ಬದುಕೆಲ್ಲ ನೆಲ ನೋಡಿದವಳಿಗೆ ತಾನು ನಾಡು ತೋರಿಸಿದೆ ಎಂಬ ನೆಮ್ಮದಿ. ಬಂದವರ ಮುಂದೆ ಅದನ್ನೇ ಹೇಳಿಕೊಳ್ಳುತ್ತಿದ್ದ.

ವರ್ಷ ಕಳೆದ ಮೇಲೆ ಅವನು ಒಬ್ಬನೇ ಆ ಜಲಪಾತಕ್ಕೆ ಹೋದ. ಬಾಗಿಲಲ್ಲಿ ಕಾವಲುಗಾರ ತಡೆದ. ಉದ್ದ ಕಾಲಿನದನ್ನು ಈಗ ಒಳಗೆ ಬಿಡುವುದಿಲ್ಲವಂತೆ, ಜನ ಎಡವಿ ಬೀಳುತ್ತಾರಂತೆ. ಅವನ ಚೀಲದಲ್ಲಿ ಇನ್ನೊಂದು ಪುಟ್ಟ ಟ್ರೈಪಾಡ್ ಇತ್ತು. ಮೇಜಿನ ಮೇಲೆ ಇಡುವಂಥದ್ದು, ಗೇಣುದ್ದದ್ದು. ಪ್ರಯಾಣಕ್ಕೆ ಹಗುರವೆಂದು ಕೊಂಡು, ಒಮ್ಮೆಯೂ ಬಳಸದೆ ಉಳಿದದ್ದು. ಕಾವಲುಗಾರ ಅದನ್ನು ನೋಡಿ, ಈ ಮರಿಯಾದರೆ ಪರವಾಗಿಲ್ಲ ಹೋಗಿ ಎಂದು ನಕ್ಕ.

ಉದ್ದನೆಯ ಟ್ರೈಪಾಡಿಗೆ ತನ್ನದೇ ಎತ್ತರವಿರುತ್ತದೆ. ಪುಟ್ಟದ್ದಕ್ಕೆ ಅದಿಲ್ಲ. ಯಾವುದರ ಮೇಲೆ ಇಡುತ್ತೇವೋ ಅದರ ಎತ್ತರವೇ ಅದರ ಎತ್ತರ. ಸರ್ವೇಯರ್ ಅದನ್ನು ಗೋಡೆಯ ಮೇಲೆ ಇಡಲು ನೋಡಿದ. ಯಾರೂ ಹತ್ತಿ ಕೂರದಿರಲೆಂದು ಗೋಡೆಯ ನೆತ್ತಿಯನ್ನು ದುಂಡಗೆ ಕಟ್ಟಿದ್ದರು. ಮೂರು ಕಾಲು ನಿಲ್ಲಲಿಲ್ಲ. ಸಪಾಟಾಗಿದ್ದದ್ದು ಅಂದು ತಾಯಿ ಒರಗಿದ್ದ ಕಲ್ಲುಗೂಟದ ತಲೆ ಮಾತ್ರ. ಅದರ ಮೇಲಿಟ್ಟು, ಕ್ಯಾಮೆರಾವನ್ನು ನೀರಿನ ಸದ್ದಿನ ಕಡೆಗೆ ತಿರುಗಿಸಿ, ಬಗ್ಗಿ ನೋಡುವ ಗೋಜಿಗೆ ಹೋಗದೆ ಗುಂಡಿ ಒತ್ತಿದ.

ಚಿತ್ರದಲ್ಲಿ ಗೋಡೆ ಇತ್ತು. ಬೇರೇನೂ ಇರಲಿಲ್ಲ. ಟ್ರೈಪಾಡ್ ಸ್ವಲ್ಪವೂ ಅಲುಗಿರಲಿಲ್ಲ. ಗಾರೆಯ ಒಂದೊಂದು ಬಿರುಕೂ ಸ್ಪಷ್ಟವಾಗಿತ್ತು.

ಅಳಿಸಲು ಹೋದವನ ಬೆರಳು ನಿಂತಿತು. ಅಳತೆ ಅವನ ಕಸುಬು. ಗೂಟ ಎರಡೂವರೆ ಅಡಿ, ಟ್ರೈಪಾಡ್ ಎಂಟು ಅಂಗುಲ. ಮೂರಡಿ ಎರಡಂಗುಲ. ಅವನು ಕಾರಿನ ಬಳಿ ಹೋದ. ತಾಯಿಯ ಊರುಗೋಲು ಇನ್ನೂ ಹಿಂದಿನ ಸೀಟಿನ ಕೆಳಗೇ ಇತ್ತು. ಅದನ್ನು ತಂದು ಗೂಟದ ಪಕ್ಕ ಊರಿದ. ಹಿಡಿಯ ಮೇಲೆ ಎರಡೂ ಕೈ ಇಟ್ಟು, ಕೈಗಳ ಮೇಲೆ ಗದ್ದ ಊರಿದ. ಅವನ ಕಣ್ಣು ಕ್ಯಾಮೆರಾದ ಕಣ್ಣಿಗೆ ಸರಿಸಮವಾಯಿತು.

ಕಿವಿಯ ತುಂಬ ನೀರಿನ ಸದ್ದು. ಮುಖದ ಮುಂದೆ ಗೋಡೆ. ಅತ್ತ ನೋಡು ಎಂದು ಅವನೇ ಹೇಳಿದ್ದ. ಅವಳು ಕತ್ತಲಾಗುವವರೆಗೂ ನೋಡಿದ್ದಳು.

ಆಮೇಲೆ ಅವನು ಉಳಿದ ಜಾಗಗಳಿಗೂ ಹೋದ. ಊರುಗೋಲು, ಪುಟ್ಟ ಟ್ರೈಪಾಡ್, ಕ್ಯಾಮೆರಾ, ಇಷ್ಟೇ ಜೊತೆಗೆ. ತಾಯಿ ನಿಂತಿದ್ದ ತಾವುಗಳನ್ನು ನೆನಪಿನಿಂದ ಹುಡುಕಿದ. ಇಟ್ಟಿಗೆಯ ಮೇಲೋ ಡಬ್ಬಿಯ ಮೇಲೋ ಇಟ್ಟು, ಅದೇ ಮೂರಡಿ ಎರಡಂಗುಲಕ್ಕೆ ಸರಿಮಾಡಿ ಚಿತ್ರ ತೆಗೆದ. ಕೋಟೆಯಲ್ಲಿ ಬುರುಜಿನ ಕಲ್ಲು. ಅಣೆಕಟ್ಟಿನ ಮೇಲೆ ತಗಡಿನ ತಡೆ. ಹಕ್ಕಿಗಳ ಕೆರೆಯಲ್ಲಿ ಮುಳ್ಳುಬೇಲಿ. ಹೀಗೆ ಎಂಟು ಚಿತ್ರಗಳಾದವು.

ಒಂಬತ್ತನೆಯದು ಕಡಲು. ಅಲ್ಲಿ ಗೋಡೆಯಿಲ್ಲ, ಬೇಲಿಯಿಲ್ಲ. ಇಲ್ಲಾದರೂ ಕಂಡಿರಬೇಕು ಎಂದು ಅವನು ಆಸೆಯಿಂದ ಹೋದ. ಹೋದ ಮೇಲೆ ನೆನಪಾಯಿತು. ಮರಳಿನಲ್ಲಿ ಕೋಲು ಹೂತುಹೋಗುತ್ತದೆಂದು ತಾಯಿ ಅವತ್ತು ಕಾರಿನಿಂದ ಇಳಿದಿರಲೇ ಇಲ್ಲ. ಅವನೊಬ್ಬನೇ ದಿಬ್ಬ ಹತ್ತಿ ಹೋಗಿ, ಒಂದು ಗಂಟೆ ಚಿತ್ರ ತೆಗೆದು ಬಂದಿದ್ದ. ಬಂದು, ಅಭ್ಯಾಸಬಲದಿಂದ, ಕಂಡಿತೇ ಅವ್ವಾ ಎಂದು ಕೇಳಿದ್ದ. ಕಂಡೆನಪ್ಪಾ ಎಂದೇ ಅವಳು ಹೇಳಿದ್ದಳು.

ಅವನು ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿದ. ದಿಬ್ಬ ಹತ್ತಿ ಕಡಲು ನೋಡಿ ಬಂದ. ಹಿಂದಿನ ಸೀಟಿನಲ್ಲಿ, ಅವಳು ಕೂರುತ್ತಿದ್ದ ಕಿಟಕಿಯ ಬಳಿ ಚೀಲದ ಮೇಲೆ ಟ್ರೈಪಾಡ್ ಇಟ್ಟು, ಕೊನೆಯ ಚಿತ್ರ ತೆಗೆದ.

ಅದರಲ್ಲಿ ಕಡಲಿರಲಿಲ್ಲ. ಮರಳ ದಿಬ್ಬ, ಅದನ್ನು ಹತ್ತಿ ಹೋದ ಅವನದೇ ಹೆಜ್ಜೆಗಳು, ಇಳಿದು ಬಂದ ಅವನದೇ ಹೆಜ್ಜೆಗಳು.

ಗುರುಗಳು ಕತೆ ನಿಲ್ಲಿಸಿದರು. ನೆಲ ನೋಡುತ್ತ ಕೂತಿದ್ದ ಶಿಷ್ಯ ತಲೆ ಎತ್ತಿದ.

“ಆ ತಾಯಿ ನಿಜ ಹೇಳಬಹುದಿತ್ತು. ಅವನು ಪ್ರತಿ ಸಲವೂ ಕೇಳಿದ್ದನಲ್ಲ, ಗುರುಗಳೇ.”

“ಆಕೆ ಹೇಳಿದ್ದು ನಿಜವೇ; ಏನನ್ನು ಕಂಡೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ.”