ಐದನೇ ನಂಬರಿನ ಎಣ್ಣೆ

"ಬುದ್ಧಿ, ರಾಚಯ್ಯ ಕೋಳಿ ಕೂಗಿದ ಮೇಲೆ ಏಳ್ತಾನೆ, ನಾನು ಕೋಳಿಗಿಂತ ಮುಂಚೆ ಏಳ್ತೀನಿ. ಅವನು ನೂರೆಂಟು ಜಪ ಮಾಡಿದರೆ ನಾನು ಸಾವಿರದೆಂಟು ಮಾಡ್ತೀನಿ. ಆದರೂ ಕೂತ ತಕ್ಷಣ ಅವನ ಮನಸ್ಸು ನಿಲ್ಲುತ್ತೆ, ನನ್ನದು ನಿಲ್ಲೋದಿಲ್ಲ. ಯಾಕೆ?"

ಮಠದ ಜಗಲಿಯಲ್ಲಿ ಮರಿದೇವ ಗುರುಗಳನ್ನು ಹೀಗೆ ಕೇಳಿದ. ರಾಚಯ್ಯ ಅವನ ಜೊತೆಯ ಶಿಷ್ಯ. ಪ್ರಶ್ನೆ ಜಪದ್ದು, ಉರಿ ಹೊಟ್ಟೆಯದು. ಗುರುಗಳಿಗೆ ಅದು ತಿಳಿಯದೇ ಇರಲಿಲ್ಲ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಪಕ್ಕದ ಮನೆಯವನು ಅಕ್ಕಿ ಗಿರಣಿಯ ಯಜಮಾನ. ಇಬ್ಬರ ಮನೆಯಲ್ಲೂ ಅಪ್ಪಂದಿರ ಕಾಲದ ಕಾರುಗಳಿದ್ದವು. ಒಂದೇ ಕಂಪನಿಯವು, ಒಂದೇ ವರ್ಷದಲ್ಲಿ ಕೊಂಡವು, ಬಣ್ಣ ಮಾತ್ರ ಬೇರೆ. ಆ ಊರಿನಲ್ಲಿ ಮದುಮಕ್ಕಳನ್ನು ಹಳೆಯ ಕಾರಿನಲ್ಲಿ ಕೂರಿಸಿ ಕಳಿಸಿಕೊಡುವ ಪದ್ಧತಿ. ಯಾರ ಮನೆಯ ಮದುವೆಯಾದರೂ ಜನ ಗಿರಣಿಯವನ ಬಾಗಿಲಿಗೇ ಹೋಗುತ್ತಿದ್ದರು. ವ್ಯಾಪಾರಿಯ ಬಾಗಿಲಿಗೆ ಒಬ್ಬರೂ ಬರುತ್ತಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಬೀದಿಯ ಕೊನೆಯಲ್ಲಿ ಒಂದು ಏರು. ಅಲ್ಲಿ ಗಿಯರ್ ಬದಲಿಸಲೇಬೇಕು. ಗಿರಣಿಯವನ ಕಾರು ಸದ್ದಿಲ್ಲದೆ ಏರುತ್ತಿತ್ತು. ವ್ಯಾಪಾರಿಯ ಕಾರು ಕರಕರ ಹಲ್ಲು ಕಡಿದು, ಒಮ್ಮೆ ಮುಗ್ಗರಿಸಿ, ಆಮೇಲೆ ಏರುತ್ತಿತ್ತು. ನೆರೆಯವನ ಕಾರು ಅಂಗಡಿಯ ಮುಂದೆ ಹಾದಾಗಲೆಲ್ಲ ವ್ಯಾಪಾರಿ ಅಳೆಯುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದ. ಇವತ್ತಾದರೂ ಒಂದು ಸಲ ಕರಕರ ಎನ್ನಲಿ ಎಂದು ಅವನ ಆಸೆ. ಅದು ಎನ್ನುತ್ತಿರಲಿಲ್ಲ. ಅವನಿಗೆ ಊಟ ಸೇರುತ್ತಿರಲಿಲ್ಲ.

ಶ್ರಾವಣದಲ್ಲಿ ಅವನ ಮಗಳಿಗೆ ಗಂಡು ಗೊತ್ತಾಯಿತು. ವೈಶಾಖಕ್ಕೆ ಮದುವೆ. ಒಬ್ಬಳೇ ಮಗಳು. ಅವಳು ಅಳುಕುತ್ತಲೇ ಹೇಳಿದಳು:

"ಅಪ್ಪ, ಬೇಜಾರು ಮಾಡ್ಕೋಬೇಡ. ನಾನು ಪಕ್ಕದ ಮನೆ ಮಾವನ ಕಾರಲ್ಲಿ ಹೋಗ್ತೀನಿ."

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಊರಿನವರು ಆ ಕಾರನ್ನು ಕೇಳಿದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಮಗಳ ಮಾತನ್ನು ನುಂಗಲಾಗಲಿಲ್ಲ. ನೀನು ಹೊರಡುವುದು ನಿನ್ನ ತಾತನ ಕಾರಿನಲ್ಲೇ ಎಂದು ಅವಳಿಗೆ ಮಾತು ಕೊಟ್ಟ.

ಮರುದಿನ ಅಭಿಮಾನ ಬದಿಗಿಟ್ಟು ನೆರೆಯವನ ಮನೆಗೆ ಹೋದ. ಬೇರೇನೋ ಮಾತಾಡುತ್ತ, ಕಾರಿಗೆ ಏನು ಮಾಡುತ್ತೀರಿ ಎಂದು ಕೇಳಿದ. ನೆರೆಯವನು ಮುಚ್ಚುಮರೆ ಮಾಡಲಿಲ್ಲ. ಹಳೆಯ ಎಣ್ಣೆ ತೆಗೆದು ಗಿಯರ್ ಬಾಕ್ಸಿಗೆ ನಾಲ್ಕನೇ ನಂಬರಿನ ಎಣ್ಣೆ ಹಾಕುವುದಾಗಿ ಹೇಳಿದ. ಡಬ್ಬವನ್ನೂ ತೋರಿಸಿದ. ಕಾರಿನ ಜೊತೆ ಬಂದ ಪುಸ್ತಕದಲ್ಲೇ ಹಾಗಿದೆ, ನಿಮ್ಮ ಕಾರಿನಲ್ಲೂ ಆ ಪುಸ್ತಕ ಇರಬೇಕು ನೋಡಿ ಎಂದ.

ವ್ಯಾಪಾರಿ ನೋಡಲಿಲ್ಲ. ಇಷ್ಟು ಸಲೀಸಾಗಿ ಯಾರಾದರೂ ತಮ್ಮ ಗುಟ್ಟು ಬಿಟ್ಟುಕೊಡುತ್ತಾರೆಯೇ ಎಂದುಕೊಂಡ. ತಾನಾಗಿದ್ದರೆ ಬಿಟ್ಟುಕೊಡುತ್ತಿರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎಣ್ಣೆಯ ಅಂಗಡಿಯಲ್ಲಿ ನಾಲ್ಕನೇ ನಂಬರಿನ ಡಬ್ಬದ ಪಕ್ಕದಲ್ಲೇ ಐದನೇ ನಂಬರಿನದೂ ಇತ್ತು. ಅವನು ಜವಳಿಯವನು. ನೂಲಿನ ನಂಬರು ಹೆಚ್ಚಿದಷ್ಟೂ ಬಟ್ಟೆ ನಯ ಎಂಬುದು ಅವನು ಹುಟ್ಟಿದಾಗಿನಿಂದ ಕಂಡ ಸತ್ಯ. ಅರವತ್ತಕ್ಕಿಂತ ಎಂಬತ್ತು ಮೇಲು, ಎಂಬತ್ತಕ್ಕಿಂತ ನೂರು ಮೇಲು. ಯಾವ ಕಾರಿಗೆ ಬೇಕೆಂದು ಅಂಗಡಿಯವನು ಕೇಳಿದ. ಅದನ್ನು ಕಟ್ಟಿಕೊಂಡು ನಿನಗೇನು ಎಂದು ವ್ಯಾಪಾರಿ ಐದನ್ನೇ ಎತ್ತಿಕೊಂಡ. ದಾರಿಯುದ್ದಕ್ಕೂ ಅವನಿಗೆ ಒಂದೇ ಖುಷಿ. ಗಿರಣಿಯವನದು ನಾಲ್ಕು, ತನ್ನದು ಐದು.

ಮೊದಮೊದಲು ಕಾರು ಚೆನ್ನಾಗಿಯೇ ಓಡಿತು. ಅವನ ಅಪ್ಪ ಹಾಕಿಸಿದ್ದ ಎಣ್ಣೆ ಡಾಂಬರಿನಂತಾಗಿತ್ತು, ಅದರ ಜಾಗಕ್ಕೆ ಯಾವ ಎಣ್ಣೆ ಬಂದರೂ ಹಾಯೆನಿಸುತ್ತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಬರುತ್ತಿದ್ದ ಕಾರನ್ನು ಅವನು ದಿನಾ ತೆಗೆದ. ಅಂಗಡಿ ಐವತ್ತು ಹೆಜ್ಜೆ ದೂರ. ಅವನು ಊರೆಲ್ಲ ಸುತ್ತಿ, ಗಿರಣಿಯ ಮುಂದೆ ಎರಡು ಸಲ ಹಾದು, ಅಂಗಡಿಗೆ ಬರುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಕರಕರ ಮತ್ತೆ ಶುರುವಾಯಿತು. ನೆರೆಯವನ ಕಣ್ಣು ಬಿದ್ದಿದೆ ಎಂದು ವ್ಯಾಪಾರಿ ತೀರ್ಮಾನಿಸಿದ. ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅದೇ ಎಣ್ಣೆ ಇನ್ನೊಂದು ಡಬ್ಬ ತಂದು ಹಾಕಿದ. ಕರಕರ ಹೆಚ್ಚಿತು.

ಮದುವೆಗೆ ಒಂದು ದಿನ ಉಳಿದಾಗ ಕಾರು ಏರಿನ ನಡುವೆ ನಿಂತಿತು. ಯಾವ ಗಿಯರೂ ಬೀಳಲಿಲ್ಲ. ಜನ ತಳ್ಳಿಕೊಂಡು ಬಂದರು. ಅವನ ಅಪ್ಪನ ಕಾಲದಿಂದ ಆ ಕಾರನ್ನು ಬಲ್ಲ ಮುದುಕ ಮೆಕ್ಯಾನಿಕ್ ಕೆಳಗೆ ಬೋಗುಣಿ ಇಟ್ಟು ಎಣ್ಣೆ ಇಳಿಸಿದ. ಎಣ್ಣೆಯಲ್ಲಿ ಚಿನ್ನದ ಪುಡಿಯಂಥದ್ದು ಮಿನುಗುತ್ತಿತ್ತು.

"ಇದು ನಿಮ್ಮ ಗಿಯರಿನ ಹಿತ್ತಾಳೆ ಬಳೆ, ಯಜಮಾನರೇ," ಎಂದ ಮೆಕ್ಯಾನಿಕ್. "ಗಿಯರ್ ಕೂಡೋವಾಗ ಅದು ಚೂರು ಹಿಡ್ಕೋಬೇಕು. ಈ ಎಣ್ಣೆ ಹಿಡಿಯೋಕೆ ಬಿಡಲ್ಲ, ಹಿತ್ತಾಳೆಯನ್ನೂ ತಿನ್ನುತ್ತೆ."

ಹಾಗಾದರೆ ನನಗೆ ಕೆಟ್ಟ ಎಣ್ಣೆ ಕೊಟ್ಟರು ಎಂದ ವ್ಯಾಪಾರಿ.

"ಎಣ್ಣೆ ಒಳ್ಳೇದೇ. ಈ ಗಿಯರ್ ಬಾಕ್ಸಿಗಲ್ಲ, ಅಷ್ಟೆ."

ಮೆಕ್ಯಾನಿಕ್ ಸೀಟಿನ ಕೆಳಗೆ ಕೈಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ತೆಗೆದು ಕೊಟ್ಟ. ಎಣ್ಣೆಯ ಪುಟದಲ್ಲಿ ನಾಲ್ಕು ಎಂಬ ಅಂಕಿಯ ಕೆಳಗೆ ವ್ಯಾಪಾರಿಯ ಅಪ್ಪ ನೀಲಿ ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದ.

ಮದುವೆಯ ದಿನ ಯಾರೂ ಹೋಗಿ ಕೇಳಲಿಲ್ಲ. ಗಿರಣಿಯವನೇ ತನ್ನ ಕಾರಿಗೆ ಹೂವು ಕಟ್ಟಿಸಿ ತಂದು ಬಾಗಿಲಲ್ಲಿ ನಿಲ್ಲಿಸಿದ. ವ್ಯಾಪಾರಿಯೇ ಕಾರಿನ ಬಾಗಿಲು ತೆಗೆದು ಮಗಳನ್ನು ಕೂರಿಸಬೇಕಾಯಿತು. ಅವಳು ಅಪ್ಪನ ಕೈ ಹಿಡಿದು ಅತ್ತಳು. ಅವನು ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ. ಕಾರು ಹೊರಟಿತು. ಅದು ಏರು ಹತ್ತಿ ಮರೆಯಾಗುವವರೆಗೂ ಅವನು ಕಿವಿಗೊಟ್ಟು ನಿಂತಿದ್ದ. ಮಗಳು ಹಿಂದಿನ ಗಾಜಿನಿಂದ ಕೈ ಬೀಸಿದ್ದು ಅವನಿಗೆ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಹಗುರಾಗಿ ನಕ್ಕ. ಆ ವ್ಯಾಪಾರಿ ಶುದ್ಧ ದಡ್ಡ, ತನ್ನ ಕಾರಿನ ಪುಸ್ತಕ ತನ್ನ ಸೀಟಿನ ಕೆಳಗೇ ಇತ್ತಲ್ಲ ಎಂದ. ಆಮೇಲೆ, ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲವಲ್ಲ ಎಂದೂ ಕೇಳಿದ.

ಗುರುಗಳು ಅವನನ್ನು ನೋಡಿದರು.

"ನಾಳೆ ರಾಚಯ್ಯ ಮಠ ಬಿಟ್ಟು ಹೋದರೆ, ನಾಡಿದ್ದು ನೀನು ಎಷ್ಟು ಹೊತ್ತಿಗೆ ಏಳ್ತೀಯ, ಮರಿದೇವ?"