ಏಳನೆಯ ಜಾಗ

“ಗುರುಗಳೇ, ಪಾಠಶಾಲೆಯಲ್ಲಿ ಉಳಿದಿರುವುದು ಒಂದೇ ಜಾಗ. ಬಂದವರು ಇಬ್ಬರು. ಒಬ್ಬ ಚುರುಕಾದ ಹುಡುಗ. ಇನ್ನೊಬ್ಬ ನಲವತ್ತು ದಾಟಿದ ಸಂಸಾರಿ. ಒಂದು ವಾರದಿಂದ ಇಬ್ಬರೂ ಇಲ್ಲೇ ಇದ್ದಾರೆ. ಕಲಿಸಿದ್ದು ಯಾರಲ್ಲಿ ಹೆಚ್ಚು ಕಾಲ ಉಳಿಯುತ್ತದೆಯೋ ಅವನಿಗೆ ಜಾಗ ಕೊಡುವುದು ನ್ಯಾಯವಲ್ಲವೇ?”

ಹೀಗೆ ಕೇಳಿದ ಶಿಷ್ಯನ ಮೇಲೆ ಪಾಠಶಾಲೆಯ ಹೊಣೆಯಿತ್ತು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕುಳಿತುಕೊಳ್ಳಲು ಹೇಳಿ ಒಂದು ಕತೆ ತೆಗೆದರು.

ಒಂದು ಊರು. ಅಲ್ಲಿನವರಿಗೆ ಕಬಡ್ಡಿ ಎಂದರೆ ಪ್ರಾಣ. ಆಡುವವರು ಏಳು ಮಂದಿ, ಆಡಿಸುವವರು ಊರೆಲ್ಲ. ತಂಡ ಕಟ್ಟುತ್ತಿದ್ದವನು ಒಬ್ಬ ಹಳೆಯ ಆಟಗಾರ. ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದರು. ಒಂದು ವರ್ಷ ಯಜಮಾನ ಆರು ಮಂದಿಯನ್ನು ಆರಿಸಿದ. ಏಳನೆಯ ಜಾಗಕ್ಕೆ ಇಬ್ಬರು ನಿಂತರು.

ಒಬ್ಬ ಯುವಕ. ಗಾಳಿಯಂತೆ ಓಡುತ್ತಿದ್ದ. ಇನ್ನೊಬ್ಬ ನೇಕಾರ. ಚಿಕ್ಕಂದಿನಲ್ಲಿ ಅವನೂ ಚೆನ್ನಾಗಿ ಆಡುತ್ತಿದ್ದ. ತಂದೆ ತೀರಿಕೊಂಡಾಗ ತಂಗಿಯರು ಚಿಕ್ಕವರು. ಆಟ ಬಿಟ್ಟು ಮಗ್ಗಕ್ಕೆ ಕುಳಿತ. ಕೊನೆಯ ತಂಗಿಯನ್ನು ಗಂಡನ ಮನೆಗೆ ಕಳಿಸಿದ ಮೇಲೆ, ತಲೆಯಲ್ಲಿ ನರೆ ಇಟ್ಟುಕೊಂಡು ಅಂಗಳಕ್ಕೆ ಬಂದ.

ಹೋಟೆಲಿನ ಮುಂದೆ ಚರ್ಚೆ ಶುರುವಾಯಿತು.

“ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನು ಈಗ ಓಡುತ್ತಾನಂತೆ! ಆ ಕಾಲಿಗೆ ಮೊದಲು ನೆಲದ ಮೇಲೆ ನಡೆಯುವುದನ್ನು ಕಲಿಸಲಿ,” ಎಂದ ಅಂಗಡಿಯವನು.

“ನೀನು ತಕ್ಕಡಿಯ ಹಿಂದೆ ಕುಳಿತು ಹೊಟ್ಟೆ ಬೆಳೆಸಿದೆ, ಮಾವ. ಅವನು ದಿನವಿಡೀ ಮಗ್ಗ ತುಳಿದಿದ್ದಾನೆ. ಆ ಕಾಲು ನೋಡಿದ್ದೀಯಾ? ಕಲ್ಲು!” ಎಂದ ಕುಂಬಾರ.

“ಕಲ್ಲೇ ಇರಲಿ. ಎಷ್ಟು ವರ್ಷ ಆಡುತ್ತಾನೆ? ಒಂದು, ಹೆಚ್ಚೆಂದರೆ ಎರಡು. ಆ ಹುಡುಗ ಇನ್ನು ಹತ್ತು ವರ್ಷ ಆಡುತ್ತಾನೆ. ಹಲ್ಲು ನೋಡದೆ ಯಾರಾದರೂ ಹಸು ಕೊಳ್ಳುತ್ತಾರೆಯೇ?”

“ನಾವು ಹಾಲು ಕರೆಯಲು ಹೊರಟಿಲ್ಲವಲ್ಲ!”

ಎಲ್ಲರೂ ನಕ್ಕರು. ನೇಕಾರ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನಿಗೂ ನಗು ಬಂತು. “ಅಂಗಡಿಯಣ್ಣ ಹೇಳುವುದು ನಿಜ. ಈ ವರ್ಷ ತಪ್ಪಿದರೆ ನನಗೆ ಇನ್ನಿಲ್ಲ. ಅದಕ್ಕೇ ಬಂದೆ,” ಎಂದ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಜಾಗಕ್ಕೆ ಇಬ್ಬರು ನಿಂತರೆ ಇಬ್ಬರನ್ನೂ ಒಂದೇ ಕಡೆ ಆಡಿಸುವರು. ಎದುರಿಗೆ ತಂಡದ ಮೂವರು. ಸೀಟಿ ಊದುವಾಗ ಇಬ್ಬರಲ್ಲಿ ಯಾರು ಅಂಗಳದ ಒಳಗಿರುತ್ತಾರೋ ಅವರಿಗೆ ಜಾಗ.

ಆಟ ನಡೆಯಿತು. ಯುವಕ ಆತುರಪಟ್ಟು ಒಳನುಗ್ಗಿ ಸಿಕ್ಕಿಬಿದ್ದ. ಔಟಾಗಿ ಗೆರೆಯ ಹೊರಗೆ ಕುಳಿತ. ನೇಕಾರ ಒಬ್ಬನೇ ಉಳಿದ. ಸೀಟಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ದಾಳಿಯ ಸರದಿ ಅವನದು. ಕಬಡ್ಡಿ ಎನ್ನುತ್ತಾ ಹೋಗಿ, ಯಾರನ್ನೂ ಮುಟ್ಟದೆ, ಉಸಿರು ಕಳೆಯದೆ ಮರಳಿದರೆ ಸಾಕು. ಜಾಗ ಅವನದು.

ಆದರೆ ಕಬಡ್ಡಿಗೆ ಇನ್ನೊಂದು ನಿಯಮವಿದೆ. ದಾಳಿಗೆ ಹೋದವನು ಎದುರಾಳಿಯನ್ನು ಮುಟ್ಟಿ ಬಂದರೆ ತನ್ನ ಕಡೆಯಲ್ಲಿ ಔಟಾಗಿ ಕುಳಿತವನಿಗೆ ಜೀವ ಬರುತ್ತದೆ. ಅವನು ಮತ್ತೆ ಒಳಗೆ ಬರಬಹುದು.

“ಮುಟ್ಟಬೇಡ! ಸುಮ್ಮನೆ ಹೋಗಿ ಬಾ!” ಎಂದು ಕುಂಬಾರ ಕೂಗಿದ.

ನೇಕಾರ ಗೆರೆ ದಾಟಿದ. ಸುಮ್ಮನೆ ಬರಲಿಲ್ಲ. ಒಳಕ್ಕೆ ಹೋಗಿ ಒಬ್ಬನ ಭುಜ ಮುಟ್ಟಿದ. ಮುಟ್ಟಿಸಿಕೊಂಡವನು ನೇಕಾರನ ಕಾಲು ಹಿಡಿದು ಕೆಡವಿದ. ನೇಕಾರ ಬಿದ್ದರೂ ಉಸಿರು ಬಿಡಲಿಲ್ಲ. ಮಣ್ಣಿನಲ್ಲಿ ತೆವಳಿ ಬೆರಳ ತುದಿಯನ್ನು ನಡುಗೆರೆಗೆ ಮುಟ್ಟಿಸಿದ.

ಯುವಕನಿಗೆ ಜೀವ ಬಂತು. ಅವನು ಜಿಗಿದು ಒಳಗೆ ಬಂದ. ನೇಕಾರನಿಗೆ ಇನ್ನೂ ಏದುಸಿರು. ಮರುಕ್ಷಣವೇ ಎದುರಿನ ಇನ್ನೊಬ್ಬ ದಾಳಿಗೆ ಬಂದು ಅವನನ್ನು ಮುಟ್ಟಿ ಹೋದ. ನೇಕಾರ ಔಟಾದ. ಸೀಟಿ ಮೊಳಗಿತು.

ಒಳಗೆ ಉಳಿದವನು ಯುವಕ.

“ಕೈಗೆ ಬಂದ ತುತ್ತನ್ನು ಪಕ್ಕದ ಎಲೆಗೆ ಹಾಕಿದೆಯಲ್ಲೋ!” ಎಂದು ಕುಂಬಾರ ತಲೆ ಚಚ್ಚಿಕೊಂಡ.

ಯಜಮಾನ ನೇಕಾರನನ್ನು ಕರೆದ. “ನಮ್ಮ ಪದ್ಧತಿ ನಿನಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು, ಯಜಮಾನರೇ. ನಮ್ಮ ಕಡೆಯವನು ಹೊರಗೆ ಕುಳಿತಿದ್ದ. ಬರಿಗೈಯಲ್ಲಿ ಹೇಗೆ ಬರಲಿ?”

“ಅವನು ನಿನ್ನ ಎದುರಾಳಿ ಕಣಯ್ಯಾ!” ಎಂದ ಅಂಗಡಿಯವನು.

“ಎದುರಾಳಿಗಳು ಗೆರೆಯ ಆಚೆ ಇದ್ದರಲ್ಲ, ಅಣ್ಣ,” ಎಂದ ನೇಕಾರ. ಮೈಯ ಮಣ್ಣು ಕೊಡವಿಕೊಂಡು ಮನೆಗೆ ಹೊರಟ.

ಅವನು ಹೋಗುವುದನ್ನು ಯಜಮಾನ ನೋಡುತ್ತಾ ನಿಂತ. ಆಮೇಲೆ ತಂಡದ ಆರು ಮಂದಿಯ ಕಡೆ ತಿರುಗಿ, “ಪದ್ಧತಿ ಏನು ಹೇಳುತ್ತದೋ ಕಂಡಿರಿ. ಏಳನೆಯವನ ಜೊತೆ ಆಡಬೇಕಾದವರು ನೀವು. ನೀವು ಏನು ಹೇಳುತ್ತೀರಿ?” ಎಂದ.

ನೇಕಾರನ ಕಾಲು ಹಿಡಿದು ಕೆಡವಿದವನೇ ಮೊದಲು ಮಾತಾಡಿದ. “ಪಂದ್ಯದಲ್ಲಿ ನಾನು ಔಟಾಗಿ ಕುಳಿತಾಗ ಒಳಗೆ ಆ ಅಣ್ಣ ಇರಲಿ.”

ಉಳಿದ ಐವರೂ ಅದನ್ನೇ ಹೇಳಿದರು.

“ಹತ್ತು ವರ್ಷ ಆಡುವ ಹುಡುಗನನ್ನು ಬಿಡುತ್ತೀರಲ್ಲ,” ಎಂದು ಅಂಗಡಿಯವನು ಗೊಣಗಿದ.

“ಹೊರಗೆ ಕುಳಿತವನಿಗೆ ಹತ್ತು ವರ್ಷ ಬೇಡ, ಮಾವ. ಒಂದು ದಾಳಿ ಸಾಕು,” ಎಂದ ಮೊದಲು ಮಾತಾಡಿದ ಆಟಗಾರ.

ಯಜಮಾನ ಆ ದಿನ ಪದ್ಧತಿಯನ್ನು ಬದಿಗಿಟ್ಟ. ನೇಕಾರನ ಹಿಂದೆ ಆಳು ಓಡಿಸಿ ಕರೆಸಿದ. ಯುವಕನಿಗೆ ನೋವಾಯಿತು. ಆಗದೆ ಇರುತ್ತದೆಯೇ? ಆದರೂ ಮರುದಿನ ಅಭ್ಯಾಸಕ್ಕೆ ಬಂದವನು ನೇಕಾರನ ಪಕ್ಕದಲ್ಲೇ ಹೋಗಿ ನಿಂತ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಆ ಸಂಸಾರಿಗೇ ಜಾಗ ಕೊಡಲೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಪಾಠ ತಲೆಗೆ ಹತ್ತದೆ ಕೊನೆಯ ಸಾಲಿನಲ್ಲಿ ಕುಳಿತ ಮಕ್ಕಳಿದ್ದಾರಲ್ಲ, ಈ ಒಂದು ವಾರದಲ್ಲಿ ತಮ್ಮ ಪಕ್ಕದಲ್ಲಿ ಬಂದು ಕುಳಿತವರು ಯಾರೆಂದು ಅವರನ್ನು ಕೇಳಿದೆಯಾ?” ಎಂದರು ಗುರುಗಳು.

ಶಿಷ್ಯ ಎದ್ದು ಕೊನೆಯ ಸಾಲಿನ ಮಕ್ಕಳನ್ನು ಹುಡುಕಿಕೊಂಡು ಹೊರಟ.